ಮತ್ತೆ ಬೆಳ್ಳಗಾದ ಹರಳು

ಅತ್ತೆಯ ನಾಯಿಯನ್ನು ಮನೆಯಲ್ಲಿ ಎಲ್ಲರೂ ಸಾಹೇಬ ಅಂತಲೇ ಕರೆಯೋದು. ಮಾವ ಹೋದ ಮೇಲೆ ಅತ್ತೆ ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಅವನೊಬ್ಬನ ಜೊತೆ. ಈಗ ಅವನ ಹೊಟ್ಟೆಯಲ್ಲಿ ಗಡ್ಡೆ. ಅದನ್ನು ತೆಗೆಯಬೇಕಾದ ಪಶುವೈದ್ಯೆ ಬೇರೆ ಯಾರೂ ಅಲ್ಲ, ಸೊಸೆಯೇ.

"ಅಡುಗೆಗೆ ಉಪ್ಪು ಹಾಕೋದು ಮರೀತೀಯ, ಸಹಿಸ್ಕೊಂಡಿದೀನಿ. ಇವನ ವಿಷಯದಲ್ಲಿ ಮಾತ್ರ ಮೈಯೆಲ್ಲ ಕಣ್ಣಾಗಿರು," ಎಂದು ಅತ್ತೆ ಬಾಗಿಲಾಚೆ ಕೂತರು.

ಪ್ರಜ್ಞೆ ತಪ್ಪಿಸಿದ ಸಾಹೇಬ ಯಂತ್ರದ ಕೊಳವೆಯಲ್ಲಿ ಉಸಿರಾಡುತ್ತಿದ್ದ. ಅವನು ಬಿಟ್ಟ ಉಸಿರು ಒಂದು ಡಬ್ಬಿಯ ಹರಳುಗಳ ನಡುವೆ ಹಾದು ಮತ್ತೆ ಅವನಿಗೇ ಬರುತ್ತದೆ. ಅದರಲ್ಲಿನ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಳ್ಳುವುದು ಹರಳುಗಳ ಕೆಲಸ. ಹೀರುವ ಶಕ್ತಿ ತೀರಿದಾಗ ಬಿಳಿ ಹರಳು ನೇರಳೆಯಾಗುತ್ತದೆ; ಆಗ ಬದಲಿಸಬೇಕು.

ಗಡ್ಡೆ ಇನ್ನೇನು ಕೈಗೆ ಬಂತು ಅನ್ನುವಾಗ ಸಾಹೇಬನ ಎದೆಬಡಿತ ಓಡತೊಡಗಿತು. ಏದುಸಿರು. ವಸಡು ಕೆಂಪೇರಿತು.

"ರಕ್ತದಲ್ಲಿ ಆಮ್ಲಜನಕ ನೂರಕ್ಕೆ ತೊಂಬತ್ತೊಂಬತ್ತಿದೆ ಮೇಡಂ, ಏನೂ ಆಗಿಲ್ಲ," ಎಂದ ಕಂಪೌಂಡರ್.

ಆ ಅಂಕಿ ಹೇಳುವುದು ಆಮ್ಲಜನಕದ ಕಥೆ ಮಾತ್ರ. ಕಾರ್ಬನ್ ಡೈಆಕ್ಸೈಡಿನ ಬಹುಪಾಲು ಬೈಕಾರ್ಬೊನೇಟ್ ಎಂಬ ವೇಷ ತೊಟ್ಟು ರಕ್ತದ ನೀರಿನಲ್ಲಿ ಕರಗಿ ಸಾಗುತ್ತದೆ. ಶ್ವಾಸಕೋಶಕ್ಕೆ ಬಂದಾಗ ವೇಷ ಕಳಚಿ ಹೊರಬೀಳಬೇಕು. ಒಳಬರುವ ಗಾಳಿಯಲ್ಲೂ ಅದೇ ತುಂಬಿದ್ದರೆ ಹೋಗುವುದೆಲ್ಲಿಗೆ? ರಕ್ತ ಹುಳಿಯೇರುತ್ತದೆ.

ಸೊಸೆಯ ಕಣ್ಣು ಹರಳಿನ ಡಬ್ಬಿಯ ಮೇಲೆ ಬಿತ್ತು. "ನಿನ್ನೆ ಸಂಜೆ ನೇರಳೆಯಾಗಿತ್ತಲ್ಲ. ಬದಲಿಸಿದ್ರಿ ತಾನೇ?"

"ನಾನಾ? ಬೆಳಿಗ್ಗೆ ಬೆಳ್ಳಗಿತ್ತು. ನೀವೇ ಬದಲಿಸಿದ್ರಿ ಅನ್ಕೊಂಡೆ."

ಸತ್ತ ಹರಳು ರಾತ್ರಿಯಿಡೀ ಸುಮ್ಮನೆ ಬಿದ್ದಿದ್ದರೆ ಮತ್ತೆ ಬೆಳ್ಳಗಾಗುತ್ತದೆ, ಹೀರುವ ಶಕ್ತಿ ಮಾತ್ರ ಮರಳುವುದಿಲ್ಲ. ಓದಿದ್ದಳು. ಬೆಳಿಗ್ಗೆ ಬಿಳಿ ಕಂಡಾಗ ನೆನಪಾಗಲಿಲ್ಲ, ಅಷ್ಟೆ.

"ಯಂತ್ರ ಕಳಚಿ! ಗಾಳಿ ಒತ್ತೋ ಚೀಲ ಹಾಕಿ!"

ಕಂಪೌಂಡರ್ ಚೀಲ ಒತ್ತಿ ಒತ್ತಿ ಹೊಸ ಗಾಳಿ ಕೊಟ್ಟ. ಎದೆಬಡಿತ ಎಡವಿತು, ನಿಂತೇಹೋಯಿತು ಅನ್ನಿಸಿತು, ಮತ್ತೆ ಹಾದಿಗೆ ಬಂತು. ಅವಳು ಗಡ್ಡೆ ತೆಗೆದು ಹೊಲಿಗೆ ಹಾಕಿದಳು.

ಅತ್ತೆ ಆಗಲೇ ಬಾಗಿಲಲ್ಲಿದ್ದರು. "ಯಾಕೆ ಕೂಗಿದ್ದು? ಬಾಯಿಬಿಡೇ."

ವಯಸ್ಸಾದ ನಾಯಿ, ಹೀಗಾಗೋದುಂಟು ಅನ್ನಬಹುದಿತ್ತು. ಕಂಪೌಂಡರ್ ತಲೆ ತಗ್ಗಿಸಿದ್ದ. ಅವಳು ಹರಳಿನ ವಿಷಯ ಒಂದೂ ಬಿಡದೆ ಹೇಳಿದಳು. "ಕಟ್ಟಕಡೆಗೆ ನೋಡ್ಬೇಕಾಗಿದ್ದು ನಾನೇ ಅತ್ತೆ."

"ಏಳ್ತಾನಾ?"

"ಏಳಬಹುದು."

ಅತ್ತೆ ಹೋಗಿ ಸಾಹೇಬನ ಪಕ್ಕ ಕೂತರು. ಅವನು ಕಣ್ಣು ಬಿಟ್ಟು, ಅವರ ಕೈ ಮೂಸಿದಾಗ ಸೆರಗು ಬಾಯಿಗೊತ್ತಿಕೊಂಡರು.

"ಹೊಲಿಗೆ ಬಿಚ್ಚೋಕೆ ಬೇರೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ ಕಣೆ," ಎಂದರು. "ಬೇಜಾರು ಮಾಡ್ಕೋಬೇಡ."

"ಇಲ್ಲ ಅತ್ತೆ," ಎಂದಳು ಸೊಸೆ.