ಮೂರನೇ ಸಾಲು

"ಮನೇಲಿ ಮಾಡ್ಕಂಬಂದ್ ಲೆಕ್ಕ ಎಲ್ಲಾ ಸರಿ, ಟೆಸ್ಟಲ್ಲಿ ಫೇಲು. ಇದೇನವ್ವಾ ಅಂಜನಾ?" ಶಿವನಂಜಯ್ಯ ಮೇಷ್ಟ್ರು ಉತ್ತರಪತ್ರಿಕೆಯನ್ನು ಮೇಜಿನ ಮೇಲಿಟ್ಟರು.

ಅಂಜನಾ ತಲೆ ಬಗ್ಗಿಸಿದಳು. ಕೊಳ್ಳೇಗಾಲದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಲೆಕ್ಕದ ಆ್ಯಪನ್ನು ಎಲ್ಲರ ಫೋನಿಗೆ ಹಾಕಿಸಿದವರು ಮೇಷ್ಟ್ರೇ. ಕ್ಯಾಮೆರಾ ಹಿಡಿದರೆ ಸಾಕು, ಲೆಕ್ಕವನ್ನು ಸಾಲು ಸಾಲಾಗಿ ಬಿಡಿಸಿ ತೋರಿಸುತ್ತಿತ್ತು. ಅವರು ಊರುಗೋಲೆಂದು ಕೊಟ್ಟದ್ದನ್ನು ಅಂಜನಾ ಪಲ್ಲಕ್ಕಿ ಮಾಡಿಕೊಂಡು, ಅದು ತೋರಿಸಿದ್ದನ್ನೇ ಆರಾಮಾಗಿ ನಕಲು ಮಾಡುತ್ತಿದ್ದಳು.

"ಇನ್ನೊಂದ್ ಟೆಸ್ಟದೆ. ಅದ್ರಲ್ಲೂ ಫೇಲಾದ್ರೆ ಈ ವರ್ಷ ಶಾಲೆಗೆ ಪಾಠ ಮಾಡಕ್ ನಿನ್ನ ಕಳ್ಸಲ್ಲ. ಮೊದ್ಲು ನೀನೇ ಮಾಡು, ತಪ್ಪಾದ್ರೂ ಆಗ್ಲಿ. ಆಮೇಲೆ ಫೋನ್ ಹಿಡಿ. ಉತ್ರ ನೋಡ್ಬ್ಯಾಡ. ನಿನ್ ಸಾಲು, ಅದ್ರ ಸಾಲು ಎಲ್ಲಿ ಬ್ಯಾರೆ ಆದೊ ಅದ್ನ ನೋಡು."

ಮನೆಯಲ್ಲಿ ತಾಯಿ ವಿಜಯಮ್ಮ ಮಗ್ಗದಲ್ಲಿ ಕೂತು, ನೇಯ್ದದ್ದನ್ನೇ ಎಳೆ ಎಳೆಯಾಗಿ ಬಿಚ್ಚುತ್ತಿದ್ದಳು.

"ಅಷ್ಟೂ ಬಿಚ್ಬೇಕಾ ಅವ್ವಾ?"

"ಎಳೆ ಎಲ್ ತಪ್ಪೋಗದೊ ಅಲ್ಲೀಗಂಟ. ಪೂರಾ ಬಿಚ್ಕಂಡ್ ಕುಂತ್ರೆ ಸೀರೆ ಯಾವಾಗ ಮುಗ್ದದು?"

ಹುಟ್ಟಿದಾಗಿನಿಂದ ನೋಡಿದ್ದೇ. ಆದರೂ ಅಂಜನಾ ಬ್ಯಾಗು ಇಳಿಸದೆ ನಿಂತು ನೋಡಿದಳು. ಅಂದಿನಿಂದ ಮೇಷ್ಟ್ರು ಹೇಳಿದಂತೆಯೇ ಮಾಡಿದಳು. ತನ್ನ ತಪ್ಪು ತನಗೇ ಕಾಣುವಾಗ ನಾಚಿಕೆಯಾಗುತ್ತಿತ್ತು.

ಟೆಸ್ಟಿನ ದಿನ ಫೋನುಗಳೆಲ್ಲ ಬಾಗಿಲ ಬಳಿ ಬಿದಿರಿನ ಬುಟ್ಟಿ ಸೇರಿದವು. ತಾಯಿ ಮಗಳ ವಯಸ್ಸಿನ ಲೆಕ್ಕ. ಅಂಜನಾ ಬಿಡಿಸಿ ನೋಡಿದರೆ ತಾಯಿಗಿಂತ ಮಗಳೇ ದೊಡ್ಡವಳಾಗಿದ್ದಳು. ಪೂರ್ತಿ ಹೊಡೆದುಹಾಕಲು ಪೆನ್ನೆತ್ತಿದವಳು ತಡೆದು, ಕೊನೆಯ ಸಾಲಿನಿಂದ ಒಂದೊಂದಾಗಿ ಮೇಲೆ ಹೋದಳು. ಮೂರನೇ ಸಾಲಿನಲ್ಲಿ ಸಿಕ್ಕಿತು: ಸಮ ಚಿಹ್ನೆಯ ಆಚೆಯಿಂದ ಈಚೆಗೆ ಬಂದ ಸಂಖ್ಯೆ ಮೈನಸ್ ಆಗದೆ ಹಾಗೇ ಉಳಿದಿತ್ತು. ತಿದ್ದಿದಳು. ಮಗಳು ಮಗಳಾದಳು.

ಗಂಟೆ ಹೊಡೆದದ್ದೇ ಎಲ್ಲರೂ ಬುಟ್ಟಿಗೆ ಮುಗಿಬಿದ್ದು, ಪ್ರಶ್ನೆಪತ್ರಿಕೆಗೆ ಫೋನು ಹಿಡಿದು ಉತ್ತರ ತಾಳೆ ನೋಡತೊಡಗಿದರು. ಅಂಜನಾ ಅವರನ್ನು ದಾಟಿಕೊಂಡು ಗೇಟಿನ ಕಡೆ ನಡೆದಳು.

ಮನೆಗೆ ಬಂದಾಗ ವಿಜಯಮ್ಮ ಮಗ್ಗದಿಂದಲೇ ಕೇಳಿದಳು. "ಫೋನ್ ಎಲ್ಲದವ್ವಾ? ಮಾಡುದ್ರೆ ನಿಮ್ ಮೇಷ್ಟ್ರು ಎತ್ತುದ್ರು. ಬುಟ್ಟೀಲೇ ಬುಟ್ಟೋಗವ್ಳೆ ಅಂದ್ರು."

"ಬೈದ್ರಾ?"

"ಇಲ್ಲ ಕಣವ್ವ, ನಗ್ತಿದ್ರು. ಓಗಿ ತಕಂಡ್ ಬಾ."

ಅಂಜನಾ ಚಪ್ಪಲಿ ಬಿಟ್ಟು ಒಳಗೆ ಬಂದಳು.

"ನಾಳೆ ತಕತೀನಿ ಬುಡವ್ವ," ಎಂದಳು.