ಭರಣಿ ತೊಳೆದ ನೀರು

ಎಲೆಯ ಅಂಚು ಕಂದಾಗಿದೆ, ನಿನ್ನೆ ಹೀಗಿರಲಿಲ್ಲ, ಅಥವಾ ಇತ್ತೋ ಏನೋ, ಜಾನಕಿಬಾಯಿ ಬಗ್ಗಿ ಮುಟ್ಟಿದರೆ ಹಪ್ಪಳದಂತೆ ಪುಡಿಯಾಯಿತು, ಇದು ಬಿಸಿಲಿನ ಕೆಲಸವಲ್ಲ, ಬಿಸಿಲಿಗೆ ಎಲೆ ಜೋತುಬೀಳುತ್ತದೆ, ಸಂಜೆಗೆ ಮತ್ತೆ ತಲೆ ಎತ್ತುತ್ತದೆ, ಹನ್ನೊಂದು ಬೇಸಿಗೆ ಕಂಡವಳಿಗೆ ಅಷ್ಟೂ ತಿಳಿಯದೇ — ತಾಳಿಕೋಟೆಯಿಂದ ಹೊರಡುವಾಗ ಅವ್ವ ಒದ್ದೆ ಅರಿವೆಯಲ್ಲಿ ಸುತ್ತಿ ಕೊಟ್ಟ ಕಡ್ಡಿ, ದುಂಡುಮಲ್ಲಿಗೆ, ಮುಂದಿನ ಪಂಚಮಿಗೆ ಕರೆಯಲು ಅವ್ವನೇ ಇರಲಿಲ್ಲ, ಆಮೇಲೆ ತವರು ಅಂದರೆ ಹಿತ್ತಲಿನ ಈ ಮೂಲೆ, ಮಳೆ ಇಲ್ಲದ ಈ ವರ್ಷ ಸಿಂದಗಿಯ ಬಾವಿಗಳೆಲ್ಲ ಬತ್ತಿವೆ, ಗಂಡ ಪಂಢರಿನಾಥ ಬರಗಾಲದ ಕಾಮಗಾರಿಯ ಹಾಜರಿ ಬರೆಯುತ್ತ ಮುದ್ದೇಬಿಹಾಳದ ಕಡೆ ಕೂತಿದ್ದಾನೆ, ಮನೆಗೆ ದಿನಕ್ಕೆ ಎರಡೇ ಕೊಡ ನೀರು, ಒಂದು ಅತ್ತೆಯ ಮಡಿಗೆ, ಇನ್ನೊಂದು ಉಳಿದ ಸಂಸಾರಕ್ಕೆಲ್ಲ, ಪಾತ್ರೆ ತೊಳೆದ ನೀರಾದರೂ ಹಾಕೋಣವೆಂದರೆ, ಮುಸುರಿ ನೀರು ಹಾಕಬ್ಯಾಡ, ಆ ಹೂವು ವಿಠ್ಠಲಗ ಏರಸೂದದ, ಮೈಲಿಗಿ ಗಿಡದ್ದು ನನಗ ಬ್ಯಾಡ — ಅತ್ತೆ ವೆಂಕೂಬಾಯಿ ಒಮ್ಮೆ ಗೆರೆ ಎಳೆದರೆ ಮುಗಿಯಿತು, ದೇವರು ಬಂದರೂ ಆಚೆಯೇ ನಿಲ್ಲಬೇಕು, ಹಾಗಾಗಿ ತಾನು ಕುಡಿಯುವ ನೀರಿನಲ್ಲೇ ಒಂದು ತಂಬಿಗೆ ಉಳಿಸಿ, ಒಣಗಿದ ನಾಲಿಗೆ ಕಚ್ಚಿಕೊಂಡು, ಗಿಡವನ್ನು ಯುಗಾದಿ ದಾಟಿಸಿದ್ದಳು.

ಅತ್ತೆಯ ತಂಬಿಗೆ ಬೇರೆ, ತಾಮ್ರದ್ದು — ನಾಲ್ಕು ದಿನದ ಹಿಂದೆ, ಮಟಮಟ ಮಧ್ಯಾಹ್ನ, ಅತ್ತೆ ತಾವಾಗಿಯೇ ಹಿತ್ತಲಿಗೆ ಬಂದರು, ಸುಡುವ ಕಲ್ಲಿನ ಮೇಲೆ ಬರಿಗಾಲು, ತಾಮ್ರದ ತಂಬಿಗೆ ಗಿಡದ ಬುಡಕ್ಕೆ ಬಾಗಿತು, ನಿಂಬಿಕಾಯಿ ಭರಣಿ ತೊಳದ ನೀರದ ಇದು, ಮಡೀಲೇ ತೊಳದೇನಿ, ಯಾರೂ ಮುಟ್ಟಿಲ್ಲ, ನಿನ್ನ ಗಿಡಕ್ಕ ಹಾಕೇನಿ ನೋಡವಾ, ಹೊಸಾ ಕಾಯಿ ಇಂಡಿ ಊರಿಂದ ಬರೂದ್ರಾಗ ಇನ್ನೂ ಭರಣಿ ಅವ, ದಿನಾ ಒಂದೊಂದು ತೊಳೀತೇನಿ — ಮತ್ತೆ ಹೋಗುತ್ತ ಹೋಗುತ್ತ, ನಲವತ್ತು ವರ್ಷ ಆತು ನಾ ಹೂವು ಮುಡದು, ನೀನರೆ ಮುಡಕೋ, ನಿನ್ನ ಗಿಡ ಎಂದದ್ದು ಹನ್ನೊಂದು ವರ್ಷದಲ್ಲಿ ಅದೇ ಮೊದಲು, ಆಮೇಲೆ ದಿನವೂ ಬಂದು ಸುರಿದರು, ಜಾನಕಿ ದಿನವೂ ಪಾತಿ ಸರಿಮಾಡಿಕೊಟ್ಟಳು, ಭರಣಿಯ ತಳದಲ್ಲಿ ವರ್ಷದ ಉಪ್ಪು ಕಲ್ಲಾಗಿ ಕೂತಿರುತ್ತದೆಂಬುದು ಹೊಳೆಯಲೇ ಇಲ್ಲ, ದಡ್ಡಿ, ಉಪ್ಪಿನಕಾಯಿ ತಿನ್ನುವ ಬಾಯಿಗೆ ಗೊತ್ತಿರುವುದು ತಲೆಗೆ ಗೊತ್ತಾಗಲಿಲ್ಲ, ಇವತ್ತು ಬೆಳಗ್ಗೆ ಸೆಗಣಿ ತಂದ ಸಿದ್ದವ್ವ ಬುಡದ ಮಣ್ಣು ನಾಲಿಗೆಗೆ ಹಚ್ಚಿ ಥೂ ಎಂದಳು, ಉಪ್ಪಲ್ರೀ ಬಾಯಾರ, ಬೇರು ಸುಡಾಕತ್ತೈತಿ, ಎರಡು ಕೊಡ ಸಿಹಿನೀರು ಸುರೀರಿ, ಇನ್ನೊಂದು ತಂಬಿಗಿ ಇಂಥಾದ್ದು ಬಿತ್ತಂದ್ರ ಸತ್ತಂಗ, ಎರಡು ಕೊಡವಂತೆ, ಎಲ್ಲಿಂದ ತರಲಿ, ಆದರೂ ಇನ್ನೊಂದು ತಂಬಿಗೆ ಬೀಳದಂತೆ ತಡೆಯಬಹುದಲ್ಲ, ಹೇಳಿಬಿಡಲೇ, ಅತ್ಯಾ, ನಿಮ್ಮ ನೀರು ಗಿಡಾ ಕೊಲ್ಲಲಿಕ್ಕತ್ತದರೀ ಅಂತ, ಬೈದರೆ ಹಗುರ, ಬೈಯುವುದಿಲ್ಲ ಆಕೆ, ಸುಮ್ಮನೆ ಒಳಗೆ ಹೋಗುತ್ತಾರೆ, ಇನ್ನು ಜನ್ಮದಲ್ಲಿ ಹಿತ್ತಲಿಗೆ ಬರುವುದಿಲ್ಲ, ಹೇಳದಿದ್ದರೆ ಅವ್ವ ಎರಡನೇ ಸಲ ಸಾಯುತ್ತಾಳೆ, ಬಾಯಲ್ಲಿ ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು, ಹಾಳಾದ ಬಿಸಿಲು, ನೆತ್ತಿ ಸಿಡಿಯುತ್ತಿದೆ.

ಹಿಂಬಾಗಿಲು ಕಿರ್ರೆಂದಿತು, ಬಂದರು, ತುಂಬಿದ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಾರೆ, ಗಿಡಾ ಯಾಕೋ ಸೊರಗೇದ ಜಾನಕೀ, ನೀರು ಸಾಲವಲ್ತು ಅಂತ ಕಾಣಸ್ತದ, ಇವತ್ತ ತುಂಬ ತಂದೇನಿ, ಆ ಕಡೆ ಸರೀ, ಮಡೀಲೆ ಇದ್ದೇನಿ, ಮುಟ್ಟಿಗಿಟ್ಟೀ — ಕೈ ಹಿಡಿದು ತಡೆಯುವಂತೆಯೂ ಇಲ್ಲ, ಮಾತೊಂದೇ ಉಳಿದದ್ದು, ಅತ್ಯಾ, ಎಂದಳು, ಏನವಾ, ಎಂದು ತಿರುಗಿದ ಮುಖದಲ್ಲಿ ಬೆವರು, ಬೆವರಿನ ಕೆಳಗೆ ಒಂದು ನಗೆ, ಆ ಮುಖದ ಮೇಲೆ ಇಂಥ ನಗೆ ಎಂದೂ ಕಂಡಿರಲಿಲ್ಲ, ಜಾನಕಿ ಒಂದು ಹೆಜ್ಜೆ ಹಿಂದೆ ಸರಿದಳು, ಹಾಕ್ರೀ ಅತ್ಯಾ, ಹಾಕ್ರಿ — ಅಂದ ದನಿ ತನ್ನದೇ, ತಂಬಿಗೆ ಬಾಗಿತು, ತಾಮ್ರದ ಅಂಚು, ಅಂಚಿಗೆ ಬಂದು ನಿಂತ ಹಳದಿ ನೀರು, ತಾಮ್ರದ ಅಂಚು, ಹಳದಿ ನೀರು, ತಾಮ್ರದ ಅಂಚು —