ಚೀಲದ ಕುತ್ತಿಗೆ

"ಪಟ್ಟಿ ಬಿಚ್ಚಬೇಡಿ, ಸ್ವಲ್ಪ ತಡೀರಿ," ಎಂದಳು ಹೆಂಡತಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲೇ ನಿಂತು.

ಬಡಗಿಯ ಕೈ ಪಟ್ಟಿಯ ಕೊಂಡಿಯ ಮೇಲೇ ನಿಂತಿತು. ಮನೆಯ ಹಿಂದಿನ ಕೋಣೆಯೇ ಅವನ ಕಾರ್ಖಾನೆ. ಗರಗಸದಿಂದ ಹಾರುವ ಹೊಟ್ಟನ್ನೆಲ್ಲ ಕೊಳವೆಯಿಂದ ಎಳೆದುಕೊಳ್ಳುವ ಧೂಳಿನ ಯಂತ್ರ ಮೂಲೆಯಲ್ಲಿತ್ತು. ಅದರ ಮೇಲೊಂದು ಚೀಲ ಗಾಳಿ ಸೋಸುವುದಕ್ಕೆ, ಕೆಳಗೊಂದು ಹೊಟ್ಟು ತುಂಬುವುದಕ್ಕೆ; ಕೆಳಗಿನದರ ಬಾಯನ್ನು ಯಂತ್ರದ ಅಂಚಿಗೆ ಬಿಗಿದು ಹಿಡಿಯಲು ಒಂದು ಪಟ್ಟಿ. ನುಂಗುತ್ತಿರುವ ತನಕ ಅದರಷ್ಟು ಸಾಧು ಇನ್ನೊಂದಿಲ್ಲ. ತುಂಬಿದ ಚೀಲ ತೆಗೆಯುವಾಗಲೇ ಪೀಕಲಾಟ.

ಕಳೆದ ಸಲ ತೆಗೆದಾಗ ಎದ್ದ ಧೂಳು ಅಡುಗೆಮನೆಯ ತನಕ ನುಗ್ಗಿ, ಅವಳಿಗೆ ಉಬ್ಬಸ ಕೆರಳಿ, ಆಸ್ಪತ್ರೆಗೆ ಸೇರಿಸಬೇಕಾಯಿತು. ಡಾಕ್ಟರು ಬೈದದ್ದು ಅವನಿಗೇ. ಅವಳ ಹಾಸಿಗೆಯ ಪಕ್ಕ ಕೂತು ಅವನು ಮಾತು ಕೊಟ್ಟಿದ್ದ: ಇನ್ನೊಂದು ಸಲ ಹೀಗಾದರೆ ಕೋಣೆಗೆ ಬೀಗ, ಯಂತ್ರಗಳೆಲ್ಲ ಭಾಮೈದನ ಪಾಲಿಗೆ. ಮಾತು ಕೊಟ್ಟ ಮಹಾನುಭಾವ ಆಮೇಲೆ ಮಾಡಿದ್ದೇನು? ಚೀಲ ಮುಟ್ಟುವುದಕ್ಕೇ ಹೆದರಿ ಅದನ್ನು ತುಂಬಲು ಬಿಟ್ಟ. ಈಗ ಅದು ಕಂಠಪೂರ್ತಿ ತಿಂದು ಮಣೆಯ ಮೇಲೆ ಕೂತಿತ್ತು, ಯಂತ್ರ ಎಳೆಯುವುದನ್ನೇ ನಿಲ್ಲಿಸಿತ್ತು.

"ತಂಗಿ ಮನೆಗೆ ಹೋಗು ಅಂದಿದ್ನಲ್ಲ?"

"ಹೋದ್ರೆ ಸಾಯಂಕಾಲ ವಾಪಸ್ ಬರ್ಬೇಕಲ್ಲ. ಧೂಳು ನನಗಿಂತ ಮುಂಚೆ ಒಳಗೆ ಕೂತಿರತ್ತೆ."

ಅವಳು ದರ್ಜಿ. ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ. ಒಂದು ವಾರದಿಂದ ಕಿಟಕಿಯ ಗಾಜಿನಾಚೆಯಿಂದ ಈ ಚೀಲವನ್ನು ಗಿರಾಕಿಯ ಅಳತೆ ತೆಗೆಯುವ ಹಾಗೆ ನೋಡುತ್ತಿದ್ದಳು. ಈಗ ಅವಳ ಒಂದು ಕೈಯಲ್ಲಿ ಖಾಲಿ ಚೀಲ, ಇನ್ನೊಂದರಲ್ಲಿ ಉದ್ದನೆಯ ಬಿಳಿ ಲಾಡಿ.

"ಇದೇನೇ, ಲಂಗದ ಲಾಡಿ ತಂದಿದ್ದೀಯಲ್ಲ?"

"ಹೂಂ, ಅದೇ. ನಾನು ಹೊಲಿದ ಯಾವ ಲಂಗ ಇವತ್ತಿನ ತನಕ ಜಾರಿದೆ ಹೇಳಿ? ತಮಾಷೆ ಸಾಕು. ಮೊದಲು ಆ ಮಣೆ ಎಳೀರಿ."

"ಮಣೆ ಎಳೆದ್ರೆ ಚೀಲ ಜೋತುಬೀಳತ್ತೆ ಕಣೇ."

"ಬೀಳ್ಲಿ. ಹೊಟ್ಟೆ ಕೆಳಗೆ ಇಳಿದ್ರೆ ತಾನೇ ಕುತ್ತಿಗೆ ಸಿಗೋದು?"

ಅವನು ಕಾಲಿನಿಂದ ಮಣೆಯನ್ನು ಪಕ್ಕಕ್ಕೆ ತಳ್ಳಿದ. ಚೀಲ ಉಸ್ಸೆಂದು ಒಂದು ಗೇಣು ಇಳಿಯಿತು. ಒಳಗಿನ ಹೊಟ್ಟು ತಳ ಸೇರಿ, ಪಟ್ಟಿಯ ಕೆಳಗಿನ ಬಟ್ಟೆ ಸಡಿಲವಾಗಿ ಸುಕ್ಕುಬಿತ್ತು. ಅವಳು ಎಸೆದ ಲಾಡಿಯನ್ನು ಹಿಡಿದು, ಅವಳು ಹೇಳಿದ ಹಾಗೆ ಆ ಸುಕ್ಕಿಗೆ ಎರಡು ಸುತ್ತು ಹಾಕಿ, ಜಗ್ಗಿ ಗಂಟು ಬಿಗಿದ.

"ಈಗ ಬಿಚ್ಚಿ."

ಅಭ್ಯಾಸಬಲದಿಂದ ಅವನು ಕಣ್ಣು ಮುಚ್ಚಿಕೊಂಡೇ ಕೊಂಡಿ ಎತ್ತಿದ. ಮುಖಕ್ಕೆ ಏನೂ ಬಡಿಯಲಿಲ್ಲ. ಕಣ್ಣು ತೆರೆದರೆ ಚೀಲ ಬಾಯಿ ಮುಚ್ಚಿಕೊಂಡು ಅವನ ತೋಳಿನಲ್ಲಿತ್ತು. ಮೇಲಿನ ಅಂಚಿನಿಂದ ಚಿಟಿಕೆಯಷ್ಟು ಪುಡಿ ಉದುರಿ ನೆಲದ ಮೇಲೆ ಹಾಸಿದ್ದ ಒದ್ದೆ ಗೋಣಿಗೆ ಅಂಟಿಕೊಂಡಿತು. ಅಷ್ಟೇ.

ಖಾಲಿ ಚೀಲ ಹಾಕುವುದು ಅವನಿಗೆ ಇನ್ನೂ ದೊಡ್ಡ ಶಿಕ್ಷೆ. ಬಾಯಿ ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಜಾರಬೇಕು, ಅದನ್ನು ಹಿಡಿಯಹೋದರೆ ಪಟ್ಟಿ ಕಾಲಿನ ಮೇಲೆ ಬೀಳಬೇಕು. ಈ ಸಲ ಅವಳು ಚೀಲದ ಬಾಯಂಚು ಮಡಚಿ ಒಳಗೆ ಅಗಲವಾದ ಎಲಾಸ್ಟಿಕ್ ಕೂರಿಸಿದ್ದಳು. ಅವನು ಅದನ್ನು ಹಿಗ್ಗಿಸಿ ಯಂತ್ರದ ಅಂಚಿಗೆ ತೊಡಿಸಿ ಬಿಟ್ಟ. ಅದು ಗಪ್ಪನೆ ಕಚ್ಚಿಕೊಂಡಿತು.

ಅವನು ಮೆಲ್ಲಗೆ ಒಂದು ಕೈ ತೆಗೆದ. ಚೀಲ ಜಾರದೆ ನಿಂತಿತು. ಇನ್ನೊಂದನ್ನೂ ತೆಗೆದ. ಆಗಲೂ ನಿಂತಿತು. ಜೀವಮಾನವೆಲ್ಲ ಮರ ಕೂಡಿಸಿದ ಆ ಎರಡು ಕೈಗಳು ಮಾಡಲು ಕೆಲಸವಿಲ್ಲದೆ ಗಾಳಿಯಲ್ಲಿ ಹಾಗೇ ಉಳಿದವು. ಅವನಿಗೆ ಮೈ ಜುಮ್ಮೆಂದಿತು.

"ಎಂಥ ತಲೆ ಕಣೇ ನಿನ್ನದು," ಎಂದ.

"ಈಗ ಗೊತ್ತಾಯ್ತಾ? ಪಟ್ಟಿ ಬಿಗೀರಿ, ಸ್ವಿಚ್ ಹಾಕಿ."

ಯಂತ್ರ ಗುಂಯ್‌ಗುಟ್ಟಿತು. ಜೋತುಬಿದ್ದಿದ್ದ ಬಟ್ಟೆ ಮೊದಲು ನಡುಗಿ, ಆಮೇಲೆ ನಿಧಾನವಾಗಿ ಉಬ್ಬುತ್ತ, ಬಸುರಿಯ ಹೊಟ್ಟೆಯ ಹಾಗೆ ದುಂಡಗಾಗಿ ನಿಂತಿತು. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಧೂಳಿನ ಕಣವೊಂದೂ ಇರಲಿಲ್ಲ, ನೆಲದ ತನಕ ತೊಳೆದಿಟ್ಟ ಹಾಗಿತ್ತು.

ಅವಳು ಹೊಸ್ತಿಲು ದಾಟಿ ಒಳಗೆ ಬಂದಳು.

"ಬೇಡ," ಎಂದ ಅವನು. "ನಾಳೆ ನೋಡಿದ್ರಾಯ್ತು."

ಅವಳು ಕೇಳಲಿಲ್ಲ. ಬಿಸಿಲಲ್ಲಿ ನಿಂತು ಮೂಗಿನ ಬಟ್ಟೆ ಬಿಚ್ಚಿ ಎದೆ ತುಂಬ ಉಸಿರೆಳೆದಳು. ಅವನು ಅವಳ ಗಂಟಲನ್ನೇ ನೋಡುತ್ತ ನಿಂತ. ಕೆಮ್ಮು ಬರಲಿಲ್ಲ. ಇನ್ನೊಮ್ಮೆ ಎಳೆದಳು. ಆಗಲೂ ಬರಲಿಲ್ಲ.

"ರೀ, ನೀವೂ ಸ್ವಲ್ಪ ಉಸಿರು ಬಿಡಿ," ಎಂದಳು.

ಬಿಟ್ಟ. ಅವಳು ಅರ್ಧ ಮುಗಿದ ಸ್ಟೂಲೊಂದನ್ನು ಎಳೆದುಕೊಂಡು ಕೂತು, "ಹೂಂ, ಕೆಲಸ ಶುರು ಮಾಡಿ, ನೋಡ್ತೀನಿ," ಎಂದಳು. ಅವನು ಹಲಗೆಯೊಂದನ್ನು ಎತ್ತಿ ಗರಗಸಕ್ಕೆ ಕೊಟ್ಟ. ಹೊಟ್ಟು ಎದ್ದ ಕೂಡಲೇ ಕೊಳವೆಯೊಳಗೆ ಓಡಿಹೋಗುವುದನ್ನು ಅವಳು ಬಾಯಿ ತೆರೆದುಕೊಂಡು ನೋಡುತ್ತ ಕೂತಳು.